ಏಳನೇ ನಂಬರಿನ ಗಿರಾಕಿ

ಹೋದ ತಿಂಗಳು ಒಂದು ಬೆಳಿಗ್ಗೆ ಆರೂವರೆಗೆ, ನಡಿಗೆ ಮುಗಿಸಿ ಬೂಟಿನ ದಾರ ಬಿಚ್ಚುತ್ತಿದ್ದಾಗ ಮಾನ್ವಿಯಿಂದ ಫೋನು ಬಂತು. ಅವನು ತೀರಿಕೊಂಡಿದ್ದ. ಅವನ ಮಗಳು ಎರಡು ಮಾತಿನಲ್ಲಿ ಹೇಳಿ ಇಟ್ಟಳು. ಅದೇ ವಾರ ರಾಯಚೂರಿನ ಆ ಹೋಟೆಲಿನಿಂದ ಮೊಬೈಲಿಗೆ ಸಂದೇಶ: "ನೀವು ನಮ್ಮಲ್ಲಿ ತಂಗಿ ಆರು ತಿಂಗಳಾಯಿತು. ಮತ್ತೆ ಬನ್ನಿ. ನೂರು ವರ್ಷದ ಆತಿಥ್ಯ ನಿಮಗಾಗಿ ಕಾದಿದೆ."

ಆ ನೂರು ವರ್ಷದಲ್ಲಿ ಮೂವತ್ತೆಂಟು ಯಾರವು ಎಂದು ಬರೆಯಲು ಕುಳಿತಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ದಿನಕ್ಕೆ ಒಂದೇ ಗಂಟೆ, ಹತ್ತರಿಂದ ಹನ್ನೊಂದರವರೆಗೆ ಮಾತ್ರ ಬರೆಯುತ್ತೇನೆ.

ಅವನ ಹೆಸರು ಬರೆಯುವುದಿಲ್ಲ. ಆ ಹೋಟೆಲು ಲಾಡ್ಜಾಗಿದ್ದಾಗ ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಮೀಸೆ ಪೂರ್ತಿ ಬೆಳ್ಳಗಾದ ಮೇಲೂ ಆ ಕೋಣೆಯಾಳು ಎಲ್ಲರಿಗೂ 'ಬಾಯ್' ಆಗಿದ್ದ. ಈಗ ಕಾಗದದ ಮೇಲೆ ಹೆಸರು ಹಚ್ಚಿ ನಾನು ದೊಡ್ಡವನಾಗಲಾರೆ.

ನನ್ನದು ತೂಕದ ಯಂತ್ರಗಳ ಕೆಲಸ. ಹುಬ್ಬಳ್ಳಿಯ ಕಂಪನಿಯೊಂದರ ಪರವಾಗಿ ಇಪ್ಪತ್ತಾರು ವರ್ಷ ಪ್ರತಿ ತಿಂಗಳು ರಾಯಚೂರಿಗೆ ಬಂದೆ. ಗಿರಣಿಗಳಲ್ಲಿ ಹತ್ತಿ, ಭತ್ತ ತೂಗುವ ಕಾಟಾಗಳನ್ನು ಪರೀಕ್ಷಿಸಿ, ತಪ್ಪಿದ್ದನ್ನು ಸರಿಮಾಡಿ ಸರ್ಕಾರದ ಮುದ್ರೆಗೆ ಸಿದ್ಧ ಮಾಡುವುದು ಕೆಲಸ. ಸೋಮವಾರ ರಾಯಚೂರು ತಲುಪುವುದು, ಮಂಗಳವಾರ ದೇವದುರ್ಗ, ಬುಧವಾರ ಮಾನ್ವಿ, ಹೋಗುವಾಗ ಬರುವಾಗ ಕಲ್ಲೂರು, ಗುರುವಾರ ರಾಯಚೂರಿನ ಗಿರಣಿಗಳು. ಇದರಲ್ಲಿ ಒಂದು ದಿನವೂ ಆಚೆ ಈಚೆ ಆಗಲಿಲ್ಲ. ನಾನು ಕಲಿತದ್ದು ಧಾರವಾಡದ ವಸತಿ ಶಾಲೆಯಲ್ಲಿ. ಅಲ್ಲಿ ಗಂಟೆ ಹೊಡೆದರೆ ಬಾಯಿಗೆ ಬಂದ ತುತ್ತೂ ತಟ್ಟೆಗೆ ಇಳಿಯಬೇಕಿತ್ತು. ಕಾಟಾ ಸರಿ ಇದ್ದರೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಬರೋಬ್ಬರಿ." ಗಿರಣಿಯವರು ಹಿಂದಿನಿಂದ ನನ್ನನ್ನು ಬರೋಬ್ಬರಿ ಸಾಹೇಬ ಎನ್ನುತ್ತಿದ್ದರಂತೆ. ಅದನ್ನು ಹೇಳಿದವನೂ ಅವನೇ.

ಲಾಡ್ಜು ಕೋಟೆಯ ಬಾಗಿಲಿನಿಂದ ಕೂಗಳತೆಯಲ್ಲಿ, ಪೇಟೆಯ ನಡುವೆ. ನಿಜಾಮರ ಕಾಲದ ಕಲ್ಲು ಗಾರೆಯ ಕಟ್ಟಡ. ಕಿಟಕಿಯ ಮೇಲೆ ಬಣ್ಣದ ಗಾಜು, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ತುಳಿದಲ್ಲೆಲ್ಲ ನರಳುವ ಮರದ ಮೆಟ್ಟಿಲು. ಹದಿನೆಂಟು ಕೋಣೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಗೋಣಿತಟ್ಟು, ಸುತ್ತಿಟ್ಟ ಹಾಸಿಗೆ, ಚಾದರಗಳ ಕಪಾಟು. ಕಪಾಟಿನ ಬಾಗಿಲ ಒಳಮೈಗೆ ನೀಲಿ ಕೋಟಿನ ಬಾಬಾಸಾಹೇಬರ ಪಟ. ಹೊರಗೆ ಹಚ್ಚಲು ಅಪ್ಪಣೆ ಇರಲಿಲ್ಲ. ಕಪಾಟಿನ ಪಕ್ಕದಲ್ಲಿ ಬೆಲ್ಲಿನ ಹಲಗೆ. ಮೇಲೆ ಯಾವ ಕೋಣೆಯವರು ಬೆಲ್ಲು ಒತ್ತಿದರೂ ಆ ಕೋಣೆಯ ನಂಬರಿನ ಬಿಲ್ಲೆ ಟಪ್ಪೆಂದು ಬೀಳುತ್ತಿತ್ತು. ಅವನು ಏಳುತ್ತಿದ್ದ. ಮೂವತ್ತೆಂಟು ವರ್ಷ ಏಳುತ್ತಿದ್ದ.

ಮೊದಲ ಭೇಟಿಯಲ್ಲೇ ನಾನು ಅವನನ್ನು ಪರೀಕ್ಷೆ ಮಾಡಿದೆ. ಹಾಸಿಗೆಯ ಚಾದರ ಒಗೆದದ್ದೋ ಅಲ್ಲವೋ ಎಂದು ಕೇಳಿದೆ.

"ಮೂಗಿಲೆ ಮೂಸಬ್ಯಾಡ್ರಿ ಸಾಹೇಬ್ರ, ಕಣ್ಣಿಲೆ ನೋಡ್ರಿ," ಎಂದ. "ಒಗದು ಮಡಚಿದ್ದಕ್ಕ ಗೆರಿ ಇರ್ತಾವ. ಗೆರಿ ಇಲ್ಲಂದ್ರ ಅದರ ಮ್ಯಾಲ ಯಾರೋ ಹೊಳ್ಳ್ಯಾಡ್ಯಾರ ಅಂತ ತಿಳಕೊಳ್ರಿ."

ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು ಗೆರೆ. ಇಪ್ಪತ್ತಾರು ವರ್ಷ ನಾನು ಎಣಿಸಿದ್ದೇನೆ. ಒಂದು ತಿಂಗಳೂ ತಪ್ಪಲಿಲ್ಲ.

ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿಯುತ್ತಿದ್ದ. ಎರಡು ಸಲ ಬಡಿದು, ಒಂದು ಉಸಿರು ಬಿಟ್ಟು, ಇನ್ನೊಂದು ಸಲ. ಐದೂಕಾಲಿಗೆ ಬಿಸಿನೀರು. ಐದೂ ಐವತ್ತಕ್ಕೆ ಚಹಾ. ಆರೂ ಹತ್ತರ ದೇವದುರ್ಗದ ಬಸ್ಸು. ಅವನ ಊರು ದೇವದುರ್ಗದ ಆಚೆಗೆ. ಹೆಂಡತಿ, ಮಗಳು ಅಲ್ಲೇ ಇದ್ದರು, ಅವರಿವರ ಹೊಲದ ಕೂಲಿಯಲ್ಲಿ. ಮಂಗಳವಾರದ ಚಹಾದ ಜೊತೆಗೆ ಒಂದು ಗಂಟು ಬರುತ್ತಿತ್ತು. ಪಾಟಿ ಪುಸ್ತಕ, ಒಂದು ಲಂಗದ ಬಟ್ಟೆ, ಕೆಮ್ಮಿನ ಔಷಧ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ನಿಂತಿರುತ್ತಿದ್ದಳು. ನಾನು ಕೊಡುತ್ತಿದ್ದೆ.

"ಆರಾಮ ಅದಾರೇನ್ರೀ?" ಎಂದು ಅವಳು ಕೇಳುತ್ತಿದ್ದಳು.

"ಅದಾನ," ಎನ್ನುತ್ತಿದ್ದೆ. ಅವಳು ಬಹುವಚನದಲ್ಲಿ ಕೇಳಿದ್ದನ್ನು ನಾನು ಏಕವಚನದಲ್ಲಿ ಹಿಂದಿರುಗಿಸುತ್ತಿದ್ದೆ. ಇದು ಈಗ ತಿಳಿಯುತ್ತಿದೆ. ಈ ಬರಹದಲ್ಲೂ ಅವನು ಅವನೇ ಆಗಿದ್ದಾನೆ, ತಿದ್ದಲು ಹೋದರೆ ಸುಳ್ಳಾಗುತ್ತದೆ.

ಇನ್ನೊಂದು ವಿಷಯ ತಿಳಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಲಾಡ್ಜಿನ ಅಡುಗೆಮನೆಗೆ ಅವನು ಕಾಲಿಡುತ್ತಿರಲಿಲ್ಲ. ಚಹಾದ ತಟ್ಟೆಯನ್ನು ಕಿಟಕಿಯಿಂದ ಹೊರಗೆ ಇಡುತ್ತಿದ್ದರು, ಅವನು ಎತ್ತಿಕೊಂಡು ಬರುತ್ತಿದ್ದ. ಅವನ ಸ್ವಂತ ಚಹಾ ಬೇರೆ ಗ್ಲಾಸಿನಲ್ಲಿ, ಬಾವಿಯ ಕಟ್ಟೆಯ ಮೇಲೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಾಟಾದಲ್ಲಿ ಹಿಡಿಯುವ ನನ್ನ ಕಣ್ಣಿಗೆ ಅಷ್ಟು ದೊಡ್ಡ ಕಿಟಕಿ ಹನ್ನೊಂದು ವರ್ಷ ಕಾಣಲಿಲ್ಲ.

"ಒಳಗ ಯಾಕ ಹೋಗೂದಿಲ್ಲ ನೀನು?" ಎಂದು ಕೇಳಿದೆ.

"ಒಳಗ ಝಳಾ ಭಾಳ್ರೀ," ಎಂದ. ಮುಖದಲ್ಲಿ ಏನೂ ಇರಲಿಲ್ಲ.

ಅವನು ತಂದ ಚಹಾ ಕುಡಿದೆ. ಬಸ್ಸಿಗೆ ಹೊತ್ತಾಗಿತ್ತು.

ಅವನ ಹೆಮ್ಮೆ ಬಾಗಿಲು. "ಮಂಚ ಮಂದೀದು, ಬಾಗಲಾ ನಮ್ದು," ಎನ್ನುತ್ತಿದ್ದ. ಲಾಡ್ಜಿನ ಮಾಲೀಕ, ದೊಡ್ಡ ಸಾಹುಕಾರ, ಒಂದು ನಿಯಮ ಮಾಡಿದ್ದ: ರಾಯಚೂರಿನಲ್ಲಿ ಮನೆ ಇದ್ದವರಿಗೆ ಕೋಣೆ ಇಲ್ಲ. ಊರಲ್ಲಿ ಮನೆ ಇದ್ದವನು ಲಾಡ್ಜಿಗೆ ಬಂದರೆ ಕುಡಿಯಲು, ಇಸ್ಪೀಟಾಡಲು ಅಥವಾ ಇನ್ನೂ ಕೆಟ್ಟದ್ದಕ್ಕೇ ಬರುತ್ತಾನೆ ಎಂಬುದು ಸಾಹುಕಾರನ ತರ್ಕ. ಗುರುತಿನ ಚೀಟಿ ಕೇಳುವ ಕಾಲವಲ್ಲ ಅದು. ಬಾಗಿಲಲ್ಲಿ ನಿಂತು ಇವನೇ ಸೋಸುತ್ತಿದ್ದ.

"ಎಲ್ಲಿಂದ ಬಂದ್ರಿ?"

"ಕವಿತಾಳದಿಂದ."

"ಯಾವ ಬಸ್ಸಿಗಿ ಬಂದ್ರಿ? ಎಷ್ಟಕ್ಕ ಬಿಟ್ಟಿತು?"

ಸುತ್ತಲ ಊರುಗಳ ಬಸ್ಸು ಬಿಡುವ ವೇಳೆ ಅವನಿಗೆ ಬಾಯಿಪಾಠ. ಸುಳ್ಳು ಹೇಳಿದವನು ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಿದ್ದ. ಒಮ್ಮೆ ನಾನು ಅಂಗಳದಲ್ಲಿ ಕುಳಿತಿದ್ದಾಗ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಚೀಲವೂ ಇರಲಿಲ್ಲ. ಕುರ್ಡಿಯಿಂದ ಬಂದೆ ಎಂದ. ಬಸ್ಸಿನ ವೇಳೆ ಕೇಳಿದರೆ ತಡವರಿಸಿದ. ಕೊನೆಗೆ, "ಇಲ್ಲೇ ಹಿಂದಿನ ಓಣಿಯಾಗ ಟೇಲರ್ ಅದೀನಿ," ಎಂದು ಒಪ್ಪಿಕೊಂಡ. "ಮನ್ಯಾಕಿ ತೀರಿ ಮೂರು ದಿನ ಆತು. ಆ ಮನ್ಯಾಗ ನಿದ್ದಿ ಹತ್ತವಲ್ದು. ಒಂದ ದಿನ ಇಲ್ಲಿ ಮಲಗಿ ಹೋಗ್ತೀನಿ."

"ಊರವ್ರಿಗಿ ರೂಮಿಲ್ರೀ," ಎಂದು ಇವನು ಬಾಗಿಲು ತೋರಿಸಿದ. ಆ ಮನುಷ್ಯ ಹೋದ.

"ಬರೋಬ್ಬರಿ ಮಾಡಿದಿ," ಎಂದೆ ನಾನು. "ನಿಯಮ ಅಂದ್ರ ನಿಯಮ." ಆ ದಿನ ಚಹಾ ಐದು ನಿಮಿಷ ತಡವಾಗಿ ಬಂತು. ನಾನು ಗದರಿಸಿದೆ.

ಮೇಲಿನ ಮಾಳಿಗೆಯ ಮೂಲೆಯ ಕೋಣೆ ಏಳನೇ ನಂಬರು. ಎರಡು ಕಡೆ ಕಿಟಕಿ, ಹಾಸಿಗೆಯಿಂದಲೇ ಕೋಟೆಯ ಗೋಡೆ ಕಾಣುತ್ತದೆ. ರಾಯಚೂರಿನ ಬೇಸಿಗೆಯಲ್ಲೂ ಅಲ್ಲಿಗೆ ಒಂದು ಎಳೆ ಗಾಳಿ ಬರುತ್ತದೆ. ನನ್ನ ಕಾಯಂ ಕೋಣೆ ಅದೇ. ಹಾಸಿಗೆ ಹಾಸುವಾಗ ಅವನು ಮಂಚದ ಮೇಲೆ ಕೂರುತ್ತಿರಲಿಲ್ಲ, ಅಂಗೈಯಿಂದ ಒತ್ತಿ ನೋಡುತ್ತಿದ್ದ.

"ಒಮ್ಮಿಯರ ಇದರ ಮ್ಯಾಲ ಮಲಗಿ ನೋಡಿಯೇನು?" ಎಂದು ಕೇಳಿದ್ದೆ.

"ನೌಕರಿ ಮುಗೀಲಿ ತಡೀರಿ," ಎಂದು ನಕ್ಕ. "ಗಿರಾಕಿ ಆಗಿ ಬರ್ತೀನಿ. ಇಲ್ಲೇ ಏಳನೇ ನಂಬರ್‌ನ್ಯಾಗ ಕಾಲು ಚಾಚಿ ಮಲಗಿ ಬೆಲ್ಲು ಒತ್ತತೀನಿ. ಯಾರರೆ ಮೆಟ್ಲಾ ಹತ್ತಿ ಬರ್ಲಿ. ಬಂದ ಮ್ಯಾಲ, ಏನೂ ಇಲ್ಲಪಾ, ಸುಮ್ನ ಒತ್ತಿದೆ, ಅಂತೀನಿ."

ಇದು ತಮಾಷೆ ಎಂದು ನಾನು ತಿಳಿದಿದ್ದೆ. ಪ್ರತಿ ವರ್ಷ ಒಂದೆರಡು ಸಲ ಅದನ್ನೇ ಹೇಳತೊಡಗಿದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು.

ಆಧಾರ್ ಮಾಡುವವರು ಬಂದಾಗ ಪೇಟೆಯ ಶಿಬಿರ ಲಾಡ್ಜಿನ ಅಂಗಳದಲ್ಲೇ ನಡೆಯಿತು. ಅಷ್ಟೊತ್ತಿಗೆ ಅವನ ಹೆಂಡತಿ ತೀರಿಕೊಂಡಿದ್ದಳು. ಊರಲ್ಲಿ ಇರುವುದೇ ಇಲ್ಲವೆಂದು ಊರಿನ ರೇಷನ್ ಕಾರ್ಡಿನಿಂದ ಅವನ ಹೆಸರು ಹೊಡೆದುಹಾಕಿದ್ದರು. ದೊಡ್ಡ ಸಾಹುಕಾರ ಲಾಡ್ಜಿನ ವಿಳಾಸಕ್ಕೇ ಕಾಗದ ಬರೆದುಕೊಟ್ಟ. ಉಪಕಾರವೆಂದು ಕೊಟ್ಟನೋ, ಆಳು ಎಲ್ಲಿಗೂ ಹೋಗದಿರಲೆಂದು ಕೊಟ್ಟನೋ, ದೇವರೇ ಬಲ್ಲ. ಕಾರ್ಡು ಬಂದ ತಿಂಗಳು ಅವನು ನನಗೆ ತಂದು ತೋರಿಸಿದ.

"ಓದ್ರಿ. ಕೋಟಿ ಬಾಗಿಲು, ಬಾಗಲಾ ನಂಬರು, ಲಾಡ್ಜಿನ ಹೆಸರು. ಸಾಹುಕಾರಗ ಸುದ್ದಾ ಈ ವಿಳಾಸ ಇಲ್ಲ. ಅವರದು ಸ್ಟೇಷನ್ ರೋಡು."

ಸಾಹುಕಾರ ಸತ್ತ. ಮಕ್ಕಳು ಲಾಡ್ಜನ್ನು ಮುಚ್ಚಿ, ಎರಡು ವರ್ಷ ಗಾರೆ ಕೆತ್ತಿಸಿ, ಮರಕ್ಕೆ ಅರಗು ಬಳಿಸಿ, 'ಪಾರಂಪರಿಕ ಹೋಟೆಲ್' ಮಾಡಿದರು. ಇವನಿಗೆ ಶಾಲು ಹೊದಿಸಿ, ಫೋಟೋ ಹಿಡಿದು, ಹೋಗು ಎಂದರು. ಮಗಳು ಅಷ್ಟರಲ್ಲಿ ಓದಿ ಮಾನ್ವಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದಳು. ಅವಳ ಮನೆಗೆ ಹೋದ. ಕಾರ್ಡಿನ ವಿಳಾಸ ಬದಲಿಸು ಎಂದು ಅವಳು ಹೇಳಿ ಹೇಳಿ ಸೋತಳು. ಅವನು ಬದಲಿಸಲಿಲ್ಲ.

ಏಳು ತಿಂಗಳ ಹಿಂದೆ ರಾಯಚೂರಿನ ಹತ್ತಿ ಗಿರಣಿಯವರು ನಿವೃತ್ತನಾಗಿದ್ದ ನನಗೆ ಫೋನು ಮಾಡಿದರು. ಅವರ ಹಳೆಯ ಕಾಟಾ ಈಗಿನ ಹುಡುಗರ ಕೈಗೆ ಹತ್ತುತ್ತಿಲ್ಲ, ಒಮ್ಮೆ ಬಂದು ನೋಡಬೇಕು. ಬೆಳಿಗ್ಗೆ ಏಳಕ್ಕೆ, ಹತ್ತಿಯ ಗಾಡಿ ಬರುವ ಮೊದಲು. ನಾನು ಆ ಹೋಟೆಲಿನಲ್ಲಿ ಏಳನೇ ನಂಬರನ್ನೇ ಗೊತ್ತುಮಾಡಿದೆ, ಇಬ್ಬರಿಗೆ. ಹಿಂದಿನ ದಿನ ಮಧ್ಯಾಹ್ನ ಮಾನ್ವಿಗೆ ಹೋಗಿ ಅವನ ಮನೆಯ ಮುಂದೆ ನಿಂತೆ.

"ನಡಿ," ಎಂದೆ. "ಬೆಲ್ಲು ಒತ್ತಬೇಕಂತಿದ್ದೆಲ್ಲಾ."

ಅವನು ಎದ್ದು ಒಳಗೆ ಹೋಗಿ ಮುಖ ತೊಳೆದ. ಆಮೇಲೆ ಬಿಳಿ ಅಂಗಿ ಹಾಕಿಕೊಂಡ. ಮಗಳ ಶಾಲೆಯ ಚೀಲವೊಂದನ್ನು ಖಾಲಿ ಮಾಡಿ ಏನೇನೋ ತುಂಬಿದ.

"ಒಂದ ದಿನಕ್ಕ ಅಷ್ಟ ದೊಡ್ಡ ಚೀಲ ಯಾಕಪ್ಪಾ?" ಎಂದಳು ಮಗಳು.

"ಚೀಲ ಇಲ್ಲದ ಗಿರಾಕಿನ್ನ ಯಾರು ನಂಬ್ತಾರವ್ವಾ," ಎಂದ.

ಬಸ್ಸಿನಲ್ಲಿ ಕಲ್ಲೂರು ದಾಟುವವರೆಗೂ ಆ ಚೀಲ ತೊಡೆಯ ಮೇಲೇ ಇತ್ತು. ನಾಲ್ಕು ಗಂಟೆಗೆ ಹೋಟೆಲು ಮುಟ್ಟಿದೆವು. ನೆಲವೆಲ್ಲ ಹೊಳೆಯುತ್ತಿತ್ತು. ಬಾವಿಗೆ ಗಾಜು ಮುಚ್ಚಿ ಒಳಗೆ ದೀಪ ಬಿಟ್ಟಿದ್ದರು. ಮೇಜಿನ ಹಿಂದಿನ ಗೋಡೆಗೆ ಅವನ ಬೆಲ್ಲಿನ ಹಲಗೆ, ಚೌಕಟ್ಟು ಹಾಕಿಸಿ, ಮೇಲೆ ಸಣ್ಣ ದೀಪ. ತಂತಿ ಕತ್ತರಿಸಿದ್ದರು. ಅವನು ಅದನ್ನು ನೋಡಿದ, ನಾನೂ ನೋಡಿದೆ.

ಮೇಜಿನ ಹಿಂದೆ ಟೈ ಕಟ್ಟಿದ ಯುವಕ. ಇಬ್ಬರ ಕಾರ್ಡೂ ಕೇಳಿದ. ನನ್ನದನ್ನು ಹಿಂದಿರುಗಿಸಿದ. ಅವನದನ್ನು ಹಿಡಿದುಕೊಂಡ.

"ಸಾರ್, ಇವರ್ದು ಲೋಕಲ್ ಐಡಿ. ಲೋಕಲ್ ಐಡಿಗೆ ರೂಮ್ ಕೊಡಲ್ಲ ಸಾರ್."

"ಅವರು ಮಾನ್ವಿಯವರು," ಎಂದೆ.

"ಕಾರ್ಡ್‌ನ್ಯಾಗ ರಾಯಚೂರ್ ಅದ ಸಾರ್."

"ಪೂರ್ತಿ ಓದು."

ಯುವಕ ಓದಿದ. ಬಾಗಿಲ ನಂಬರಿಗೆ ಬಂದು ನಿಂತ. ಮೇಜಿನ ಮೇಲಿದ್ದ ಹೋಟೆಲಿನ ಕಾಗದದ ತಲೆಬರಹ ನೋಡಿದ, ಮತ್ತೆ ಕಾರ್ಡು ನೋಡಿದ.

"ಇದು ನಮ್ಮ ಹೋಟೆಲ್ ಅಡ್ರೆಸ್ ಆತಲ್ಲ ಸಾರ್."

"ಹೌದು."

"ಹಂಗಾದ್ರ ಈ ಕಾರ್ಡ್ ತಪ್ಪದ."

ಮ್ಯಾನೇಜರ್ ಬಂದ. ಇದು ಆಡಳಿತದ ನಿಯಮ, ಯಾರಿಗೂ ವಿನಾಯಿತಿ ಇಲ್ಲ, ಬೇಕಿದ್ದರೆ ಹಿರಿಯರು ರಾತ್ರಿ ಎಂಟರವರೆಗೆ ಭೇಟಿಗೆ ಬಂದವರಾಗಿ ಸೋಫಾದಲ್ಲಿ ಕೂರಬಹುದು ಎಂದ. ನಾನು ಕೂಗಿದೆ. ಎಪ್ಪತ್ತೊಂದು ವರ್ಷದಲ್ಲಿ ಹಾಗೆ ಕೂಗಿದ್ದು ಮೊದಲ ಸಲ. ಈ ಗೋಡೆಯ ಮೇಲೆ ನೇತುಹಾಕಿದ್ದೀರಲ್ಲ, ಆ ಹಲಗೆಯ ಒಂದೊಂದು ಬಿಲ್ಲೆಗೂ ಎದ್ದು ಓಡಿದವನು ಈತ ಎಂದೆ. ಹಲಗೆಗೆ ಜಾಗ ಇದೆ, ಮನುಷ್ಯನಿಗೆ ಇಲ್ಲವೇ ಎಂದೆ. ಮ್ಯಾನೇಜರ್ ನನಗೆ ನೀರು ತರಿಸಿದ. ಅವನಿಗೆ ತರಿಸಲಿಲ್ಲ.

ಅವನು ನನ್ನ ತೋಳು ಹಿಡಿದ. ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಬಿಡ್ರಿ ಸಾಹೇಬ್ರ. ಈ ಹುಡುಗಂದೇನು ತಪ್ಪದ? ಈ ರೂಲ್ ನಾನ ಕಾದದ್ದು."

ಹೊರಗೆ ಮೆಟ್ಟಿಲ ಮೇಲೆ ಕುಳಿತೆವು. ರಸ್ತೆಯ ಆಚೆ ಒಬ್ಬ ಮುದುಕ ಸೀತಾಫಲ ಮಾರುತ್ತಿದ್ದ. ಇವನು ಅತ್ತ ನೋಡುತ್ತ ಹೇಳಿದ: "ಆ ಟೇಲರ್ ನೆನಪದಾನೇನ್ರೀ? ಹೆಂಡ್ತಿ ಸತ್ತಾಂವ?"

"ನೆನಪದಾನ."

"ಆ ಮನಷ್ಯಾ ನಿದ್ದಿ ಕೇಳಾಕ ಬಂದಿದ್ದ. ನಾ ಬಸ್ಸಿನ ಟೈಮ್ ಕೇಳ್ದೆ."

ಆ ದಿನ ಬರೋಬ್ಬರಿ ಎಂದವನು ನಾನು.

ಅವನು ಚೀಲದಿಂದ ಒಂದು ಚಾದರ ತೆಗೆದ. ಮಾನ್ವಿಯ ಮನೆಯಲ್ಲಿ ತಾನೇ ಒಗೆದು, ಮಡಚಿ ತಂದದ್ದು. ಗಿರಾಕಿಯಾಗಿ ಬರುವಾಗಲೂ ಹಾಸಿಗೆಗೆ ಬೇಕಾದದ್ದನ್ನು ತಾನೇ ಹೊತ್ತು ತಂದಿದ್ದ.

"ನೀವು ಒಳಗ ಹೋಗ್ರಿ. ಮುಂಜಾನಿ ಏಳಕ್ಕ ನಿಮ್ಮ ಕಾಟಾ ಅದ. ಇದನ್ನ ಹಾಸಕೊಳ್ರಿ, ಅಲ್ಲಿ ಗೆರಿ ಇರ್ತಾವೋ ಇಲ್ಲೋ. ನನಗ ಈಗ ಐದೂ ಇಪ್ಪತ್ತಕ್ಕ ಮಾನ್ವಿ ಬಸ್ಸದ."

ನಾನು ಅವನ ಜೊತೆ ಹೋಗಬೇಕಿತ್ತು. ಆ ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಎಸೆದು, ಮಾನ್ವಿಯಲ್ಲಿ ಅವನ ಮನೆಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದರೆ ಗಿರಣಿಗೆ ಅರ್ಧ ಗಂಟೆ ತಡವಾಗುತ್ತಿತ್ತು. ಅಷ್ಟೇ. ನಾನು ತಡವಾದವನಲ್ಲ. ಒಳಗೆ ಹೋದೆ. ಏಳನೇ ನಂಬರಿನ ಹಾಸಿಗೆಯ ಚಾದರದಲ್ಲಿ ಒಂದೂ ಗೆರೆ ಇರಲಿಲ್ಲ. ಬೆಲ್ಲಿನ ಗುಂಡಿ ಇದ್ದ ಜಾಗವನ್ನು ಗಾರೆ ಮೆತ್ತಿ ಮುಚ್ಚಿದ್ದರು. ಅವನ ಚಾದರ ಹಾಸಿಕೊಂಡು ಒಂಬತ್ತೂವರೆಗೆ, ಎಂದಿನಂತೆ, ಮಲಗಿದೆ. ನಿದ್ದೆ ಬಂತು. ಹೋಟೆಲಿನವರ ಮೇಲಿನ ಸಿಟ್ಟು ಒಂದು ದಿನ ಆರೀತು. ಆ ನಿದ್ದೆಯ ಮೇಲಿನ ಸಿಟ್ಟು ಆರುವುದಿಲ್ಲ.

ಅವನು ಮತ್ತೆ ರಾಯಚೂರಿಗೆ ಹೋಗಲಿಲ್ಲವಂತೆ. ಮಗಳಿಗೆ, "ಮಲಗಿ ಬಂದೆ, ಗಾಳಿ ಛಲೋ ಇತ್ತು," ಎಂದು ಮಾತ್ರ ಹೇಳಿದ್ದನಂತೆ. ರಾತ್ರಿ ತಂಗಲು ಹೋದವನು ಅದೇ ಸಂಜೆಗೇ ಏಕೆ ಮರಳಿದ ಎಂದು ಅವಳು ಕೇಳಲಿಲ್ಲ. ಶಿಕ್ಷಕಿ, ಲೆಕ್ಕ ಅವಳಿಗೂ ಬರುತ್ತದೆ.

ಮೊನ್ನೆ ಮಾನ್ವಿಗೆ ಹೋಗಿದ್ದೆ. ಚಾದರವನ್ನು ಒಗೆದು, ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು ಮಡಿಕೆ ಹಾಕಿ ಒಯ್ದಿದ್ದೆ. ನನ್ನ ಕೈಗೆ ಗೆರೆ ನೆಟ್ಟಗೆ ಬರಲಿಲ್ಲ. ಮಗಳು ಅದನ್ನು ತೆಗೆದುಕೊಂಡು, ಒಳಗಿನಿಂದ ಒಂದು ಕಾಗದ ತಂದಳು. ಮರಣ ಪ್ರಮಾಣಪತ್ರ. ಕಾರ್ಡು ನೋಡಿ ಮಾಡಿದ್ದು.

"ಸರ್, ಇಲ್ಲಿ ನೋಡ್ರಿ. ಕಾಯಂ ವಿಳಾಸ ಅಂತ ಆ ಲಾಡ್ಜಿಂದ ಹಾಕ್ಯಾರ. ತಿದ್ದಿಸಿಕೊಂಡು ಬರ್ರಿ ಅಂತ ಎಲ್ಲಾರೂ ಅನ್ನಾಕತ್ತಾರ. ಅರ್ಜಿ ಬರದೀನಿ. ನೀವು ಒಮ್ಮಿ ನೋಡಿದ್ರ ಕೊಟ್ಟು ಬರ್ತೀನಿ."

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಕೋಟೆ ಬಾಗಿಲು, ಬಾಗಿಲ ನಂಬರು, ಲಾಡ್ಜಿನ ಹೆಸರು, ರಾಯಚೂರು. ಕೆಳಗೆ ಸರ್ಕಾರದ ಮೊಹರು. ತಪ್ಪಿದ್ದನ್ನು ತಿದ್ದುವುದೇ ನನ್ನ ಜೀವಮಾನದ ಕೆಲಸ. ಅವಳ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ.

"ತಿದ್ದಿಸಬ್ಯಾಡವ್ವಾ," ಎಂದೆ. "ನಿಮ್ಮಪ್ಪಾರದು ಬರೋಬ್ಬರಿ ಅದ."